ಹಳೇದು ಮುಂದೆ, ಹೊಸದು ಹಿಂದೆ

ಕಳೆದ ವಾರ ನನ್ನ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಬಂತು. ಮೈಸೂರಿನ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ ಹನ್ನೆರಡು ತಿಂಗಳು ಮುಗಿಸಿದ್ದೇನೆ. ಅಂಗಡಿಯ ಹೆಸರು ಬರೆಯುವುದಿಲ್ಲ. ನನ್ನ ಜೊತೆಯವರು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾರೆ. ಆದರೆ ಆ ಒಂದು ವರ್ಷ ಹೇಗಿತ್ತು ಅಂತ ಬರೆದಿಡಬೇಕು ಅನಿಸಿದೆ. ಸೇರುವ ಮೊದಲು ನಾನು ಫೋನಿನಲ್ಲಿ ತುಂಬಾ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಅರ್ಜಿ ಹಾಕುವುದು ಹೇಗೆ, ದುಡ್ಡು ಎಷ್ಟು ಬರುತ್ತದೆ ಅನ್ನುವ ವಿಡಿಯೋಗಳು. ಬೆಳಗ್ಗೆ ಏಳಕ್ಕೆ ಶಟರ್ ಎತ್ತಿದ ಮೇಲೆ ಒಳಗೆ ಏನು ಮಾಡಿಸುತ್ತಾರೆ, ಏನು ಕಲಿಸುತ್ತಾರೆ ಅಂತ ಕನ್ನಡದಲ್ಲಿ ಹೇಳಿದ್ದು ನನಗೆ ಸಿಗಲಿಲ್ಲ.

ನಮ್ಮೂರು ನಂಜನಗೂಡಿನ ಹತ್ತಿರ ಒಂದು ಹಳ್ಳಿ. ಕಾಮರ್ಸಿನಲ್ಲಿ ಪಿಯುಸಿ ಮುಗಿಸಿ ಒಂದು ವರ್ಷ ಮನೆಯಲ್ಲೇ ಇದ್ದೆ. ಡಿಗ್ರಿಗೆ ಕಳಿಸುವ ಸ್ಥಿತಿಯಲ್ಲಿ ಅಪ್ಪ ಇರಲಿಲ್ಲ. 2025ರ ಫೆಬ್ರುವರಿಯಲ್ಲಿ ಗೆಳತಿಯೊಬ್ಬಳ ಅಣ್ಣ ಫೋನ್ ಮಾಡಿ, ಇಂಥ ಅಂಗಡಿಯಲ್ಲಿ ಅಪ್ರೆಂಟಿಸ್ ತಗೊಳ್ತಿದ್ದಾರೆ, ಕೆಲಸ ಕಲಿಸಿ ತಿಂಗಳಿಗೆ ಸ್ವಲ್ಪ ದುಡ್ಡೂ ಕೊಡ್ತಾರೆ ಅಂದ. ಅಮ್ಮನಿಗೆ ಇಷ್ಟವಿರಲಿಲ್ಲ. "ಅಂಗ್ಡಿ ಕೆಲ್ಸ ಕಲಿಯೋಕೆ ಏನೈತೆ? ಶೆಟ್ರ ಅಂಗ್ಡಿ ಹುಡ್ಗ ಯಾವ ಕಾಲೇಜಿಗೆ ಹೋಗಿದ್ದ?" ಅಂದರು. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಅದಕ್ಕೇ ಇದು ಇಷ್ಟು ಉದ್ದ ಆಗುತ್ತಿದೆ.

ಮೊದಲು ಕಾಗದದ ವಿಷಯ ಹೇಳಿಬಿಡುತ್ತೇನೆ. ಅಪ್ರೆಂಟಿಸ್ ಅನ್ನುವುದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಬರುತ್ತದೆ. ಅಂಗಡಿಯವರು ನಮ್ಮ ಜೊತೆ ಒಂದು ಕರಾರು ಮಾಡಿಕೊಳ್ಳಬೇಕು, ಅದು ಸರ್ಕಾರದ ಪೋರ್ಟಲಿನಲ್ಲಿ ನೋಂದಣಿ ಆಗಬೇಕು. 2019ರ ನಿಯಮದ ಪ್ರಕಾರ ಪಿಯುಸಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಇತ್ತು, ಡಿಗ್ರಿ ಆದವರಿಗೆ 9,000. ಇದರಲ್ಲಿ ನಾಲ್ಕನೇ ಒಂದು ಭಾಗ, ಜಾಸ್ತಿ ಅಂದರೆ 1,500 ರೂಪಾಯಿ, ಸರ್ಕಾರ ಕೊಡುತ್ತಿತ್ತು. ಅದು ಅಂಗಡಿಯ ಕೈ ದಾಟದೆ ನೇರ ನಮ್ಮ ಬ್ಯಾಂಕ್ ಖಾತೆಗೆ ಬರುತ್ತಿತ್ತು. ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಅಪ್ರೆಂಟಿಸ್ ಅಂದರೆ ಕಲಿಯುವವರು, ಕೆಲಸಗಾರರಲ್ಲ. ಹಾಗಾಗಿ ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ಈ ಒಂದು ಸಾಲನ್ನು ಸಹಿ ಹಾಕುವ ದಿನ ನಾನು ಓದಲಿಲ್ಲ. ಓದಬೇಕಿತ್ತು. ಕಲಿಯುವವರು ಅಂತ ಬರೆದ ಮೇಲೆ ಕಲಿಸುವವರೂ ಇರಬೇಕಲ್ವಾ? ಅವರು ಯಾರು ಅಂತ ಆ ದಿನವೇ ಕೇಳಬೇಕಿತ್ತು.

ಬಸ್ಸಿಗೆ ಖರ್ಚಿರಲಿಲ್ಲ. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಇದೆಯಲ್ಲ, ಅದಿಲ್ಲದಿದ್ದರೆ ನನ್ನ ದುಡ್ಡಿನ ದೊಡ್ಡ ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು, ಅಮ್ಮ ಬೇಡವೇ ಬೇಡ ಅನ್ನುತ್ತಿದ್ದರು. ರಾತ್ರಿ ಪಾಳಿ ಇದ್ದ ದಿನ ಕುವೆಂಪುನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿಯುತ್ತಿದ್ದೆ.

ಹತ್ತು ದಿನ ಒಂದು ಕೋಣೆಯಲ್ಲಿ ಕೂರಿಸಿ ಕ್ಲಾಸ್ ಮಾಡಿದರು. ನಮಸ್ಕಾರ ಹೇಗೆ ಹೇಳಬೇಕು, ಉಗುರು ಎಷ್ಟಿರಬೇಕು, ಬೆಂಕಿ ಬಿದ್ದರೆ ಯಾವ ಬಾಗಿಲು, ಇಂಥವು. ಹನ್ನೊಂದನೇ ದಿನ ಬೆಳಗ್ಗೆ ಏಳಕ್ಕೆ ನನ್ನನ್ನು ಡೈರಿ ಸೆಕ್ಷನ್ನಿಗೆ ಹಾಕಿದರು. ಅಲ್ಲಿ ಅಕ್ಕ ಇದ್ದರು.

ಅಕ್ಕನ ಹೆಸರು ಕೂಡ ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಾಗುವುದಿಲ್ಲ. ಅಂಗಡಿ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದವರು. ಓದಿದ್ದು ಎಂಟನೇ ಕ್ಲಾಸು. ಮೊದಲ ದಿನ ನಾನು ಕ್ರೇಟಿನಿಂದ ಮೊಸರಿನ ಪ್ಯಾಕೆಟ್ ತೆಗೆದು ಫ್ರಿಜ್ಜಿನಲ್ಲಿ ಮುಂದೆ ಮುಂದೆ ಜೋಡಿಸುತ್ತಾ ಹೋದೆ, ಜಾಗ ಅಲ್ಲೇ ಇತ್ತಲ್ಲ. ಅಕ್ಕ ಬಂದು ಒಂದು ನಿಮಿಷ ನೋಡಿದರು. ಏನೂ ಬೈಯಲಿಲ್ಲ. ನಾನು ಜೋಡಿಸಿದ್ದನ್ನೆಲ್ಲ ಮತ್ತೆ ಕ್ರೇಟಿಗೆ ಹಾಕಿಸಿದರು. "ಮೊದ್ಲು ಹಿಂದೆ ಕೈ ಹಾಕು. ಅಲ್ಲಿ ಯಾವ ಡೇಟ್ ಐತೆ ಓದು. ಆಮೇಲೆ ಕೈಲಿರೋದ್ರ ಡೇಟ್ ಓದು. ಹಳೇದು ಮುಂದೆ, ಹೊಸದು ಹಿಂದೆ."

ಇಷ್ಟೇ. ಆದರೆ ಇದನ್ನು ಇನ್ನೂರು ಪ್ಯಾಕೆಟ್ಟಿಗೆ ಮಾಡಿ ನೋಡಿ, ಬೆಳಗ್ಗೆ ಎಂಟಕ್ಕೆ ಗಿರಾಕಿಗಳು ಬರುವುದರೊಳಗೆ, ಕೈ ಮರಗಟ್ಟುವ ಚಳಿಯಲ್ಲಿ. ಮೊದಲು ಬಂದಿದ್ದು ಮೊದಲು ಹೋಗಬೇಕು ಅನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಅದು ಸಾಲದು ಅಂತ ಕಲಿಸಿದ್ದು ಅಕ್ಕ. ಇವತ್ತು ಬಂದ ಲೋಡಿನಲ್ಲೇ ನಿನ್ನೆ ಬಂದಿದ್ದಕ್ಕಿಂತ ಹಳೆಯ ತಾರೀಖು ಇರುತ್ತದೆ. ಡಿಪೋದಲ್ಲಿ ಹಿಂದೆ ಉಳಿದ ಕ್ರೇಟು ಇವತ್ತಿನ ಗಾಡಿಗೆ ಹತ್ತಿರುತ್ತದೆ ಅಷ್ಟೇ. ಹಾಗಾಗಿ ಯಾವಾಗ ಬಂತು ಅನ್ನುವುದಲ್ಲ, ಯಾವಾಗ ಮುಗಿಯುತ್ತೆ ಅನ್ನುವುದನ್ನು ನೋಡಬೇಕು. ಒಂದೇ ಕ್ರೇಟಿನಲ್ಲಿ ಎರಡು ತಾರೀಖು ಸಿಕ್ಕ ದಿನ ನಾನು ಓಡಿ ಹೋಗಿ ಅಕ್ಕನಿಗೆ ತೋರಿಸಿದೆ. ಅವರು ತುಂಬಾ ಖುಷಿಪಟ್ಟರು.

ಲೇಬಲಿನಲ್ಲಿ 'ಬೆಸ್ಟ್ ಬಿಫೋರ್' ಅಂತ ಇದ್ದರೆ ಆ ದಿನದವರೆಗೆ ರುಚಿ, ಗುಣ ಚೆನ್ನಾಗಿರುತ್ತೆ ಅಂತ ಅರ್ಥ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಅಂತ ಇದ್ದರೆ ಆ ದಿನ ದಾಟಿದ ಮೇಲೆ ತಿನ್ನಲೇಬಾರದು ಅಂತ. ಪಿಯುಸಿ ಓದಿದ ನನಗೆ ಈ ವ್ಯತ್ಯಾಸ ಗೊತ್ತಿರಲಿಲ್ಲ. ಎಂಟನೇ ಕ್ಲಾಸಿನ ಅಕ್ಕನಿಗೆ ಗೊತ್ತಿತ್ತು. ಪ್ಯಾಕೆಟ್ ಉಬ್ಬಿದ್ದರೆ ತಾರೀಖು ಸರಿಯಿದ್ದರೂ ತೆಗೆದಿಡು ಅನ್ನುತ್ತಿದ್ದರು. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿರುತ್ತಾರೆ, ದಿನಕ್ಕೆ ಮೂರು ಸಲ ಒಳಗಿನ ಡಿಗ್ರಿ ನೋಡಿ ಬರೆಯಬೇಕು. ನೋಡದೆ ನಾಲ್ಕು, ನಾಲ್ಕು, ನಾಲ್ಕು ಅಂತ ತುಂಬಿಸುವವರೂ ಇದ್ದಾರೆ. ಅಕ್ಕ ಪ್ರತಿ ಸಲ ಬಗ್ಗಿ ನೋಡಿಯೇ ಬರೆಯುತ್ತಿದ್ದರು. ಒಂದು ದಿನ ಮಧ್ಯಾಹ್ನ ಒಂಬತ್ತು ತೋರಿಸಿತು. ಬಾಗಿಲಿನ ರಬ್ಬರ್ ಸಡಿಲವಾಗಿತ್ತು. ಆ ಹಾಳೆ ಇರುವುದು ಇದಕ್ಕೇ ಅಂತ ಅವತ್ತು ಅರ್ಥವಾಯಿತು.

ಗಿರಾಕಿಗಳಲ್ಲಿ ಗೊತ್ತಿದ್ದವರು ನೇರ ಹಿಂದಕ್ಕೆ ಕೈ ಹಾಕುತ್ತಾರೆ, ಹೊಸದು ಅಲ್ಲೇ ಇರುತ್ತದೆ ಅಂತ. ನಾನು ಜೋಡಿಸಿದ್ದೆಲ್ಲ ಬೀಳುತ್ತಿತ್ತು, ಸಿಟ್ಟು ಬರುತ್ತಿತ್ತು. ಅಕ್ಕ ಹೇಳಿದ್ದು ಹೀಗೆ: "ಅವ್ರ ದುಡ್ಡು, ಅವ್ರ ಮೊಸ್ರು. ಬೇಜಾರು ಮಾಡ್ಕೋಬೇಡ. ಇವತ್ತು ಮನೇಲಿ ಏನು ಅಡ್ಗೆ ಅಂತ ಕೇಳು. ಮಜ್ಜಿಗೆಹುಳಿ ಅಂದ್ರೆ ಮುಂದಿಂದು ಕೊಡು, ಸ್ವಲ್ಪ ಹುಳಿ ಇದ್ರೇ ಚೆನ್ನಾಗಿರೋದು. ಮಗೂಗೆ ಮೊಸ್ರನ್ನ ಅಂದ್ರೆ ನೀನೇ ಹಿಂದಿಂದು ತೆಗ್ದು ಕೊಡು." ಹತ್ತು ದಿನದ ಕ್ಲಾಸಿನಲ್ಲಿ ಗಿರಾಕಿಯ ಜೊತೆ ಮಾತಾಡುವುದು ಹೇಗೆ ಅಂತ ಎರಡು ಗಂಟೆ ಹೇಳಿದ್ದರು. ಈ ಒಂದು ಮಾತು ಅಲ್ಲಿ ಇರಲಿಲ್ಲ.

ಮೂರು ತಿಂಗಳಾದ ಮೇಲೆ ನನ್ನನ್ನು ಬಿಲ್ಲಿಂಗಿಗೆ ಹಾಕಬೇಕಿತ್ತು. ಕರಾರಿನ ಜೊತೆ ಕೊಟ್ಟ ಹಾಳೆಯಲ್ಲಿ ಹಾಗೇ ಇತ್ತು. ಸರಕು ಇಳಿಸಿಕೊಳ್ಳುವುದು, ಜೋಡಿಸುವುದು, ತೂಕ, ಬಿಲ್ಲಿಂಗ್, ಲೆಕ್ಕ, ಒಂದಾದ ಮೇಲೆ ಒಂದು. ಆದರೆ ಆಗ ಇಬ್ಬರು ಹುಡುಗರು ಕೆಲಸ ಬಿಟ್ಟಿದ್ದರು, ಗೋಡೌನಿನಲ್ಲಿ ಜನ ಇರಲಿಲ್ಲ. ಏಳು ವಾರ ನಾನು ಬರೀ ರಟ್ಟಿನ ಪೆಟ್ಟಿಗೆ ಒಡೆದಿದ್ದೇನೆ. ಬೆಳಗ್ಗೆ ಎಣ್ಣೆ, ಮಧ್ಯಾಹ್ನ ಅಕ್ಕಿ ಮೂಟೆ, ಸಂಜೆ ನೀರಿನ ಬಾಟಲಿ. ಅದೂ ಕೆಲಸವೇ, ಯಾರಾದರೂ ಮಾಡಲೇಬೇಕು. ಆದರೆ ಏಳನೇ ವಾರದಲ್ಲಿ ಪೆಟ್ಟಿಗೆ ಒಡೆಯುವುದರಲ್ಲಿ ಕಲಿಯುವಂಥದ್ದು ಏನೂ ಉಳಿದಿರಲಿಲ್ಲ. ಕಡಿಮೆ ದುಡ್ಡಿಗೆ ಸಿಕ್ಕ ಎರಡು ಕೈ ಅಂತ ನನ್ನನ್ನು ಇಟ್ಟುಕೊಂಡಿದ್ದರು ಅನಿಸಿ ಬಸ್ಸಿನಲ್ಲಿ ಅತ್ತಿದ್ದೂ ಉಂಟು. ಆ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮ್ಯಾನೇಜರ್ ಸರ್ ಹತ್ತಿರ ತಗೊಂಡು ಹೋಗಿ ತೋರಿಸು ಅಂತ ಹೇಳಿಕೊಟ್ಟಿದ್ದೂ ಅಕ್ಕನೇ. "ಜಗಳ ಆಡ್ಬೇಡ. ಸರ್, ಇದ್ರಲ್ಲಿ ಬಿಲ್ಲಿಂಗ್ ಅಂತ ಐತೆ, ಯಾವಾಗಿಂದ ಬರ್ಲಿ ಅಂತ ಮಾತ್ರ ಕೇಳು." ಕೇಳಿದೆ. ಮುಂದಿನ ಸೋಮವಾರ ಹಾಕಿದರು. ನಾನಾಗಿ ಕೇಳದಿದ್ದರೆ ಅವರಾಗಿ ಹಾಕುತ್ತಿದ್ದರು ಅಂತ ನನಗೆ ನಂಬಿಕೆ ಇಲ್ಲ.

ಬಿಲ್ಲಿಂಗ್ ನನಗೆ ತುಂಬಾ ಇಷ್ಟವಾಯಿತು. ನನಗೆ ಮೊದಲಿಂದಲೂ ಅಂಕಿ ಅಂದರೆ ಇಷ್ಟ. ಬಾರ್‌ಕೋಡ್ ಸುಕ್ಕಾಗಿದ್ದರೆ ಮಷೀನ್ ಓದುವುದಿಲ್ಲ, ಕೆಳಗಿನ ಹದಿಮೂರು ಅಂಕಿಯನ್ನು ಕೈಯಲ್ಲಿ ಹೊಡೆಯಬೇಕು. ಒಂದು ಅಂಕಿ ತಪ್ಪಿದರೂ ಅದು ತಗೊಳ್ಳುವುದಿಲ್ಲ. ಮಷೀನಿಗೆ ಹೇಗೆ ಗೊತ್ತಾಗುತ್ತೆ ಅಂತ ನನಗೆ ಕುತೂಹಲ. ಕೊನೆಯ ಅಂಕಿ ಕಾವಲಿನ ಅಂಕಿಯಂತೆ. ಸುಮ್ನೆ ಒಂದು ಉದಾಹರಣೆಗೆ 890123456789 ತಗೊಳ್ಳಿ. ಎಡದಿಂದ ಒಂದನೇದು, ಮೂರನೇದು, ಐದನೇದು ಹೀಗೆ ಬಿಟ್ಟು ಬಿಟ್ಟು ಕೂಡಿದರೆ 28. ಉಳಿದ ಆರನ್ನು ಕೂಡಿದರೆ 34, ಅದರ ಮೂರು ಪಟ್ಟು 102. ಎರಡೂ ಸೇರಿ 130. ಇದನ್ನು ಹತ್ತರ ಲೆಕ್ಕಕ್ಕೆ ಸರಿ ಮಾಡಲು ಇನ್ನೇನೂ ಸೇರಿಸಬೇಕಿಲ್ಲ, ಹಾಗಾಗಿ ಹದಿಮೂರನೇ ಅಂಕಿ 0. ಮೊತ್ತ 127 ಬಂದಿದ್ದರೆ 3 ಆಗುತ್ತಿತ್ತು. ನಾನು ಬಸ್ಸಿನಲ್ಲಿ ಬಿಸ್ಕತ್ ಪೊಟ್ಟಣ, ಸೋಪಿನ ಕವರು ಹಿಡಿದು ಈ ಲೆಕ್ಕ ಮಾಡುತ್ತಾ ಬರುತ್ತಿದ್ದೆ. ಮೊದಲ ಮೂರು ಅಂಕಿ 890 ಇದ್ದರೆ ಆ ಸಂಖ್ಯೆ ಭಾರತದಲ್ಲಿ ಪಡೆದಿದ್ದು ಅಂತ. ಸರಕು ಇಲ್ಲೇ ತಯಾರಾಗಿದೆ ಅಂತ ಅದರ ಅರ್ಥವಲ್ಲ. ತುಂಬಾ ಜನ ಹಾಗೆ ತಿಳಿದುಕೊಂಡಿದ್ದಾರೆ, ಕೌಂಟರಿನಲ್ಲಿ ನನಗೇ ಪಾಠ ಹೇಳಿದವರಿದ್ದಾರೆ.

ಲೂಸ್ ಸಾಮಾನಿಗೆ ಈ ಕಾವಲು ಇಲ್ಲ. ಬೇಳೆ, ಕಡಲೇಬೀಜ, ಬಾದಾಮಿ ಎಲ್ಲಕ್ಕೂ ತೂಕದ ಮಷೀನಿನಲ್ಲಿ ಎರಡೋ ಮೂರೋ ಅಂಕಿಯ ಕೋಡು. ನಾವು ಹೊಡೆದ ಕೋಡಿನ ಸ್ಟಿಕ್ಕರ್ ಬರುತ್ತದೆ, ಅದನ್ನು ಕವರಿಗೆ ಅಂಟಿಸುತ್ತೇವೆ. ತಪ್ಪು ಹೊಡೆದರೆ ತಪ್ಪು ಸ್ಟಿಕ್ಕರ್ ಬರುತ್ತದೆ, ಮಷೀನ್ ಏನೂ ಹೇಳುವುದಿಲ್ಲ.

ಜುಲೈ ಮೊದಲ ವಾರ. ಸಂಬಳದ ವಾರ ಅಂದರೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾನು ತೂಕದ ಕೌಂಟರಿನಲ್ಲಿದ್ದೆ. ರಾತ್ರಿ ಮಾರಾಟದ ಪಟ್ಟಿ ತೆಗೆದಾಗ ಅರ್ಧ ಕೆಜಿ ಬಾದಾಮಿ ಮಾರಿದ್ದೇವೆ ಅಂತ ತೋರಿಸಿತು. ಅವತ್ತು ಬಾದಾಮಿ ಡಬ್ಬ ಬೆಳಗ್ಗೆಯಿಂದ ಖಾಲಿ. ನನಗೆ ತಕ್ಷಣ ಹೊಳೆಯಿತು, ಯಾರಿಗೋ ಕಡಲೇಬೀಜಕ್ಕೆ ಬಾದಾಮಿಯ ಸ್ಟಿಕ್ಕರ್ ಅಂಟಿಸಿ ಕಳಿಸಿದ್ದೇನೆ. ಎರಡರ ಕೋಡಿಗೂ ಒಂದೇ ಅಂಕಿಯ ವ್ಯತ್ಯಾಸ. 372 ರೂಪಾಯಿ ಜಾಸ್ತಿ ತಗೊಂಡಿದ್ದೆ. ಐದು ಸಾವಿರ ದಾಟಿದ ಬಿಲ್ಲು ಅದು, ಅಷ್ಟು ಉದ್ದದ ಬಿಲ್ಲಿನಲ್ಲಿ ಪ್ರತಿ ಸಾಲನ್ನೂ ಯಾರು ಓದುತ್ತಾರೆ?

ಫ್ಲೋರ್ ನೋಡಿಕೊಳ್ಳುವ ಸರ್ ಹತ್ತಿರ ಹೇಳಿದೆ. ಬಿಡು, ಗಿರಾಕಿ ಬಂದು ಕೇಳಿದರೆ ಕೊಡೋಣ ಅಂದರು. ಅವರಿಗೂ ಅವತ್ತು ನೂರು ತಲೆನೋವು ಇತ್ತು. ನಾನು ಹೊರಗೆ ಬಂದು ಅಕ್ಕನ ಹತ್ತಿರ ಹೇಳಿಕೊಂಡೆ. ಅಕ್ಕ ಫ್ರಿಜ್ ಒರೆಸುತ್ತಿದ್ದರು. ಬಟ್ಟೆ ಕೆಳಗಿಟ್ಟು, "ಅವ್ರು ಕೇಳಲ್ಲ. ಅವ್ರಿಗೆ ಗೊತ್ತೇ ಆಗಿರಲ್ಲ. ಗೊತ್ತಿರೋಳು ನೀನು, ನೀನೇ ಹೇಳ್ಬೇಕು" ಅಂದರು. ಬಿಲ್ಲಿನಲ್ಲಿ ಮೊಬೈಲ್ ನಂಬರ್ ಇರುತ್ತದಲ್ಲ, ಪಾಯಿಂಟ್ ಸೇರಿಸಲು ಕೊಟ್ಟಿರುತ್ತಾರೆ. ಮಾರನೇ ದಿನ ಅಕ್ಕನೇ ನನ್ನ ಜೊತೆ ಬಂದು ಸರ್ ಒಪ್ಪಿಗೆ ಕೇಳಿದರು, ಅಂಗಡಿಯ ಫೋನಿನಿಂದ ಮಾತಾಡಿದೆ. ಭಾನುವಾರ ಒಬ್ಬರು ಅಮ್ಮ ಬಂದರು. ಐವತ್ತರ ಮೇಲಿರಬಹುದು. ದುಡ್ಡು ತಗೊಂಡು, ನನ್ನ ಕೈ ಹಿಡಿದುಕೊಂಡು, ಮನೆಗೆ ಹೋಗಿ ಪರ್ಸಿನ ದುಡ್ಡು ಎಣಿಸಿದಾಗ ಲೆಕ್ಕ ಸೇರಲಿಲ್ಲಮ್ಮ, ಆಟೋದಲ್ಲಿ ಬೀಳಿಸಿಕೊಂಡೆನೇನೋ ಅಂತ ನನ್ನನ್ನೇ ಬೈದುಕೊಂಡೆ ಅಂದರು. ನನಗೆ ಮಾತು ಹೊರಡಲಿಲ್ಲ. ಅವರು ಬಿಲ್ಲನ್ನು ಅನುಮಾನಿಸಿಯೇ ಇರಲಿಲ್ಲ. ಅಚ್ಚಾಗಿ ಬಂದ ಬಿಲ್ಲು ಸುಳ್ಳು ಹೇಳುತ್ತೆ ಅಂತ ಯಾರಿಗೂ ಅನಿಸುವುದಿಲ್ಲ. ಅವತ್ತಿನಿಂದ ತೂಕ ಮಾಡಿದ ಪ್ರತಿ ಕವರಿನ ಸ್ಟಿಕ್ಕರನ್ನೂ ನಾನು ಗಿರಾಕಿಗೆ ಕೇಳುವ ಹಾಗೆ ಓದಿ ಹೇಳುತ್ತೇನೆ, "ಕಡಲೇಬೀಜ, ಅರ್ಧ ಕೆಜಿ" ಅಂತ. ಹಿಂದಿನ ಸಾಲಿನವರು ಎಷ್ಟೇ ಅವಸರ ಮಾಡಲಿ.

ತರಕಾರಿ ಸೆಕ್ಷನ್ನಿನಲ್ಲಿ ಇದ್ದಿದ್ದು ಮೂರೇ ವಾರ. ಅಲ್ಲಿ ನನಗೆ ಹೊಸದಾಗಿ ಕಲಿಯುವುದು ಕಡಿಮೆ ಇತ್ತು, ನಾನು ಹಳ್ಳಿಯವಳು. ಸಬ್ಬಸಿಗೆ ಯಾವುದು, ದಂಟು ಯಾವುದು ಅಂತ ನಗರದ ಹುಡುಗರಿಗೆ ನಾನೇ ಹೇಳಿಕೊಟ್ಟೆ.

ಈಗ ಸೆಪ್ಟೆಂಬರಿಗೆ ಬರುತ್ತೇನೆ. 2025ರ ಸೆಪ್ಟೆಂಬರ್ 22, ಸೋಮವಾರ. ಮೈಸೂರಿನವರಿಗೆ ಅದು ದಸರಾ ಶುರುವಾದ ದಿನ. ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ಉದ್ಘಾಟನೆ ಮಾಡಿದ ದಿನ. ಅಂಗಡಿಯವರಿಗೆ ಅದು ಜಿಎಸ್‌ಟಿ ಬದಲಾದ ದಿನ. ಹಿಂದಿನ ದಿನ ಭಾನುವಾರ, ಮಹಾಲಯ ಅಮಾವಾಸ್ಯೆ. ನಮ್ಮೂರಲ್ಲಿ ಹಿರಿಯರಿಗೆ ಎಡೆ ಇಡುವ ಹಬ್ಬ. ಅಜ್ಜಿ ತೀರಿಕೊಂಡ ಮೇಲೆ ಅದು ಮೊದಲನೇ ವರ್ಷ, ಅಜ್ಜಿಗೆ ಇಷ್ಟದ ಕಜ್ಜಾಯ ಮಾಡಿದ್ದರಂತೆ. ನಾನು ಅಂಗಡಿಯಲ್ಲಿದ್ದೆ. ರಾತ್ರಿ ಹತ್ತಕ್ಕೆ ಶಟರ್ ಇಳಿಸಿ, ಒಳಗಿನ ಎಲ್ಲ ಶೆಲ್ಫಿನ ಬೆಲೆ ಟ್ಯಾಗ್ ಬದಲಿಸಲು ಶುರು ಮಾಡಿದೆವು.

ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು, ಚಾಕೊಲೇಟ್ ಎಲ್ಲ 18 ಪರ್ಸೆಂಟಿನಿಂದ 5ಕ್ಕೆ. ತುಪ್ಪ, ಬೆಣ್ಣೆ, ಚೀಸ್, ಕುರುಕಲು ತಿಂಡಿ 12ರಿಂದ 5ಕ್ಕೆ. ಪ್ಯಾಕೆಟ್ ಪನೀರಿಗೆ ತೆರಿಗೆಯೇ ಇಲ್ಲ. ಬಟ್ಟೆ ಒಗೆಯುವ ಪುಡಿ ಮಾತ್ರ 18ರಲ್ಲೇ ಉಳಿಯಿತು. ಮೈಗೆ ಹಚ್ಚುವ ಸೋಪು ಕಡಿಮೆ, ಅದರ ಪಕ್ಕದ ಶೆಲ್ಫಿನ ಪುಡಿ ಹಾಗೇ. ಪ್ಯಾಕೆಟ್ಟಿನ ಮೇಲೆ ಹಳೇ ಎಂಆರ್‌ಪಿ ಅಚ್ಚಾಗಿದೆ, ಕಂಪ್ಯೂಟರಿನಲ್ಲಿ ಹೊಸ ಬೆಲೆ ಬಂದಿದೆ, ಶೆಲ್ಫಿನ ಟ್ಯಾಗ್ ನಾವು ಬದಲಿಸಿದ ಹಾಗೆ. ಮೂರೂ ಬೇರೆ ಬೇರೆ ಇದ್ದರೆ ಬೆಳಗ್ಗೆ ಬೈಸಿಕೊಳ್ಳುವವರು ಕೌಂಟರಿನಲ್ಲಿ ಇರುವವರು. ಆದ್ದರಿಂದ ಅಕ್ಕ ಒಂದು ಉಪಾಯ ಮಾಡಿದರು. ಒಬ್ಬಳು ಟ್ಯಾಗ್ ಹಾಕುವುದು, ಹಿಂದೆಯೇ ಇನ್ನೊಬ್ಬಳು ಸ್ಕ್ಯಾನರ್ ಹಿಡಿದು ಹೋಗಿ ಅದೇ ಬೆಲೆ ಬರುತ್ತಾ ಅಂತ ನೋಡುವುದು. ನಿಧಾನ ಆಗುತ್ತೆ ಅಂತ ಕೆಲವರು ಗೊಣಗಿದರು. ಆದರೆ ನಮ್ಮ ಸಾಲಿನಲ್ಲಿ ಹದಿನಾಲ್ಕು ತಪ್ಪು ಆ ರಾತ್ರಿಯೇ ಸಿಕ್ಕವು. ನಂದಿನಿ ತುಪ್ಪದ ಲೀಟರಿಗೆ 650 ಇದ್ದಿದ್ದು 610 ಆಯಿತು, ಅದರ ಟ್ಯಾಗ್ ಹಾಕಿದ್ದು ನಾನೇ. ನವೆಂಬರಿನಲ್ಲಿ ಅದೇ ಜಾಗದಲ್ಲಿ 700ರ ಟ್ಯಾಗ್ ಹಾಕಿದ್ದೂ ನಾನೇ, ಅದು ತೆರಿಗೆ ಅಲ್ಲ, ದರವೇ ಏರಿದ್ದು. ಗಿರಾಕಿಗಳಿಗೆ ಆ ವ್ಯತ್ಯಾಸ ಹೇಳುವುದು ಸುಲಭ ಇರಲಿಲ್ಲ.

ಸೋಮವಾರ ಬೆಳಗ್ಗೆಯಿಂದ ಎಲ್ಲರದ್ದೂ ಒಂದೇ ಪ್ರಶ್ನೆ. "18 ಇದ್ದಿದ್ದು 5 ಆಯ್ತಲ್ಲ, ನೂರು ರೂಪಾಯಿ ಶಾಂಪೂಗೆ 13 ರೂಪಾಯಿ ಕಡಿಮೆ ಆಗ್ಬೇಕಲ್ವಾ? ನೀವು 11 ಮಾತ್ರ ಯಾಕೆ ಇಳಿಸಿದ್ದೀರಿ?" ನಾವು ಎರಡು ರೂಪಾಯಿ ನುಂಗಿದ್ದೇವೆ ಅಂತ ಅವರಿಗೆ ಅನುಮಾನ. ಅದು ಸಹಜವೇ. ನಾನು ಬಿಲ್ಲಿನ ಹಿಂದೆ ಬರೆದು ತೋರಿಸುತ್ತಿದ್ದೆ. ನೂರು ರೂಪಾಯಿ ಅನ್ನುವುದು ತೆರಿಗೆ ಸೇರಿದ ಬೆಲೆ. ಅದರ ಒಳಗೆ ಶಾಂಪೂವಿನ ಸ್ವಂತ ಬೆಲೆ 84 ರೂಪಾಯಿ 75 ಪೈಸೆ, ಅದಕ್ಕೆ 18 ಪರ್ಸೆಂಟ್ ಸೇರಿ ನೂರು. ಈಗ ಅದೇ 84.75ಕ್ಕೆ 5 ಪರ್ಸೆಂಟ್ ಸೇರಿಸಿದರೆ 88.99, ಅಂದರೆ 89. ಹನ್ನೊಂದು ರೂಪಾಯಿ ಕಡಿಮೆ. ಕಾಮರ್ಸ್ ಓದಿದ್ದು ಸಾರ್ಥಕ ಅನಿಸಿದ ದಿನ ಅದು. ಒಬ್ಬರು ತಾತ ನಾನು ಬರೆದ ಚೀಟಿಯನ್ನೇ ಮಡಚಿ ಜೇಬಿಗೆ ಹಾಕಿಕೊಂಡು, ನಮ್ಮ ಬೀದಿಯವರಿಗೂ ತೋರಿಸ್ತೀನಿ ಅಂತ ಹೋದರು.

ಟ್ಯಾಗ್ ಬದಲಿಸಿದ ಆ ರಾತ್ರಿ ಕೆಲಸ ಮುಗಿದಾಗ ಬೆಳಗಿನ ಜಾವ ಮೂರೂವರೆ. ತಿಂಗಳುಗಳ ನಂತರ ನಾನು ಕಾಯ್ದೆಯನ್ನು ಕೂತು ಓದಿದೆ. ಅಪ್ರೆಂಟಿಸ್‌ಗೆ ಹೆಚ್ಚಿನ ಹೊತ್ತು ಕೆಲಸ ಮಾಡಿಸಬೇಕಾದರೆ ಅಪ್ರೆಂಟಿಸ್‌ಶಿಪ್ ಸಲಹೆಗಾರರು ಅನ್ನುವ ಸರ್ಕಾರಿ ಅಧಿಕಾರಿಯ ಒಪ್ಪಿಗೆ ಬೇಕು ಅಂತ ಅದರಲ್ಲಿದೆ, 15ನೇ ಸೆಕ್ಷನ್. ಆ ರಾತ್ರಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುತ್ತಿದ್ದೆನೋ ಏನೋ, ಎಲ್ಲರೂ ಇದ್ದರು, ಅಕ್ಕನೂ ಇದ್ದರು. ಆದರೆ ಗೊತ್ತಿದ್ದು ಒಪ್ಪಿಕೊಳ್ಳುವುದು ಬೇರೆ, ಗೊತ್ತಿಲ್ಲದೆ ಮಾಡುವುದು ಬೇರೆ. ಇದನ್ನು ಓದುತ್ತಿರುವ ಯಾರಾದರೂ ಸೇರುವವರಿದ್ದರೆ ದಯವಿಟ್ಟು ಕರಾರಿನ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ. ಯಾವ ತಿಂಗಳು ಯಾವ ಸೆಕ್ಷನ್ ಅನ್ನುವ ಹಾಳೆಯನ್ನೂ ಕೇಳಿ. ವರ್ಷ ಆದ ಮೇಲೆ ಕೆಲಸ ಕೊಡುತ್ತಾರಾ ಅಂತ ಬಾಯಿಬಿಟ್ಟು ಕೇಳಿ, ಕೊಡಲೇಬೇಕು ಅಂತ ಕಾಯ್ದೆಯಲ್ಲಿಲ್ಲ.

ಕಾಲಿನ ವಿಷಯ ಹೇಳದೆ ಬಿಟ್ಟರೆ ಸುಳ್ಳು ಹೇಳಿದ ಹಾಗಾಗುತ್ತದೆ. ದಿನಕ್ಕೆ ಒಂಬತ್ತು ಗಂಟೆ ನಿಲ್ಲುವುದು. ಊಟಕ್ಕೆ ಅರ್ಧ ಗಂಟೆ, ಟೀಗೆ ಎರಡು ಸಲ ಹತ್ತು ನಿಮಿಷ, ಅಷ್ಟೇ ಕೂರುವುದು. ಮೊದಲ ತಿಂಗಳು ರಾತ್ರಿ ಚಿಕ್ಕಮ್ಮ ಬಿಸಿನೀರಿಗೆ ಉಪ್ಪು ಹಾಕಿ ಕೊಡುತ್ತಿದ್ದರು. ನನಗಿನ್ನೂ ಇಪ್ಪತ್ತು, ಹೇಗೋ ತಡೆದುಕೊಂಡೆ. ಅಕ್ಕನ ಕಾಲು ನೋಡಿದ್ದೇನೆ, ಮೊಣಕಾಲಿನ ಕೆಳಗೆ ನರ ಎಲ್ಲ ನೀಲಿಯಾಗಿ ಗಂಟು ಗಂಟು. ಬಿಲ್ಲಿಂಗ್ ಕೌಂಟರಿನಲ್ಲಿ ಗಿರಾಕಿ ಇಲ್ಲದ ಹೊತ್ತಿನಲ್ಲಿ ಒಂದು ಸ್ಟೂಲಿನ ಮೇಲೆ ಕೂತರೆ ಯಾರಿಗೆ ಏನು ನಷ್ಟ? ಕೇರಳದಲ್ಲಿ ಕೋಳಿಕ್ಕೋಡಿನ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದರು. ಅವರ ಮುಂದೆ ನಿಂತವರು ವಿಜಿ ಪಳಿತೊಡಿ ಅನ್ನುವ ಟೈಲರ್. 2018ರಲ್ಲಿ ಅಲ್ಲಿ ಅಂಗಡಿ ಕೆಲಸದವರಿಗೆ ಕೂರುವ ಹಕ್ಕು ಕಾನೂನಾಯಿತು. 2021ರಲ್ಲಿ ತಮಿಳುನಾಡಿನಲ್ಲೂ ಬಂತು. ಇದನ್ನು ನಾನು ಊಟದ ಹೊತ್ತಿನಲ್ಲಿ ಫೋನಿನಲ್ಲಿ ಓದಿ ಹೇಳಿದಾಗ ಅಕ್ಕ ಅಷ್ಟೊಂದು ನಂಬಲಿಲ್ಲ. "ಕೂರೋಕೂ ಕಾನೂನು ಬೇಕಾಯ್ತಾ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ಆ ಹೆಂಗಸಿನ ಫೋಟೋ ಇದ್ರೆ ತೋರ್ಸು ಅಂತ ಕೇಳಿದರು.

ಆಯುಧಪೂಜೆಗೆ ಬೂದುಗುಂಬಳ, ಬಾಳೆಕಂದು, ಕಡ್ಲೆಪುರಿ ಮಾರಿ ಮಾರಿ ಸುಸ್ತಾದೆವು. ಸಂಜೆ ನಮ್ಮ ಬಿಲ್ಲಿಂಗ್ ಮಷೀನಿಗೆ, ತಕ್ಕಡಿಗೆ, ಟ್ರಾಲಿಗೆಲ್ಲ ಕುಂಕುಮ ಇಟ್ಟು ಪೂಜೆ ಮಾಡಿದೆವು. ಅಕ್ಕ ಫ್ರಿಜ್ಜಿನ ಬಾಗಿಲಿಗೆ ಒಂದು ಮೊಳ ಸೇವಂತಿಗೆ ಮುಡಿಸಿದರು.

ಕೊನೆಗೆ ಪರೀಕ್ಷೆ. ಹೊರಗಿನಿಂದ ಒಬ್ಬರು ಬಂದಿದ್ದರು. ಟ್ಯಾಬಿನಲ್ಲಿ ಪ್ರಶ್ನೆಗಳು, ಆಮೇಲೆ ಮಾಡಿ ತೋರಿಸುವುದು. ಶೆಲ್ಫ್ ಜೋಡಿಸಿ ತೋರಿಸು ಅಂದಾಗ ನಾನು ಕ್ರೇಟ್ ಮುಟ್ಟುವ ಮೊದಲು ಹಿಂದಕ್ಕೆ ಕೈ ಹಾಕಿ ತಾರೀಖು ಓದಿದೆ. ಅವರು ಏನೋ ಟಿಕ್ ಮಾಡಿಕೊಂಡರು. ಇದನ್ನು ಎಲ್ಲಿ ಕಲಿತಿರಿ ಅಂತ ಕೇಳಿದರು, ಡೈರಿ ಸೆಕ್ಷನ್ನಿನ ಅಕ್ಕ ಹೇಳಿಕೊಟ್ಟರು ಅಂದೆ. ಅದನ್ನು ಬರೆದುಕೊಳ್ಳಲಿಲ್ಲ. ಬರೆಯಲು ಅವರ ಫಾರಂನಲ್ಲಿ ಜಾಗ ಇರಲಿಲ್ಲ ಅನಿಸುತ್ತದೆ. ನನಗೆ ಇದೇ ಒಂದು ನೋವು. ಹತ್ತು ದಿನ ಕ್ಲಾಸ್ ಮಾಡಿದವರಿಗೆ ಅದಕ್ಕೆ ಸಂಬಳ ಇದೆ, ಪರೀಕ್ಷೆ ಮಾಡಿದವರಿಗೂ ಇದೆ. ಅಕ್ಕ ಮಾತ್ರ ತಮ್ಮ ಕೆಲಸ ಬಿಟ್ಟು ನನಗೆ ಹೇಳಿಕೊಟ್ಟು, ಆಮೇಲೆ ತಮ್ಮ ಕೆಲಸ ಮುಗಿಸಲು ಅರ್ಧ ಗಂಟೆ ತಡವಾಗಿ ಮನೆಗೆ ಹೋಗುತ್ತಿದ್ದರು. ನನಗಿಂತ ಮುಂಚೆ ಅವರ ಹತ್ತಿರ ಹೀಗೆ ಕಲಿತು ಹೋದವರು ಆರು ಜನ. ಹೊಸಬರಿಗೆ ಹೇಳಿಕೊಡುವ ಹಳಬರಿಗೆ ಅದಕ್ಕೆ ಅಂತಲೇ ದಿನಕ್ಕೆ ಒಂದು ಗಂಟೆ ಬಿಡುವು, ತಿಂಗಳಿಗೆ ಒಂದಿಷ್ಟು ದುಡ್ಡು ಕೊಡಬೇಕು. ಇದನ್ನು ನಾನು ಮ್ಯಾನೇಜರ್ ಸರ್‌ಗೆ ಕೊನೆಯ ದಿನ ಬರೆದೇ ಕೊಟ್ಟಿದ್ದೇನೆ. ತಗೊಂಡು ಡ್ರಾಯರಿನಲ್ಲಿ ಇಟ್ಟುಕೊಂಡರು.

ಅಂಗಡಿಯವರು ಮುಂದುವರಿ ಅಂದಿದ್ದಾರೆ, ಈ ಸಲ ಪಿಎಫ್, ಇಎಸ್‌ಐ ಸೇರಿ. ಸಂಜೆ ಕಾಲೇಜಿಗೆ ಬಿ.ಕಾಂ ಅರ್ಜಿಯೂ ಹಾಕಿದ್ದೇನೆ. ಎರಡೂ ಆಗುತ್ತಾ ನೋಡಬೇಕು.

ಸರ್ಟಿಫಿಕೇಟ್ ಆನ್‌ಲೈನಿನಲ್ಲಿ ಬಂದಿದ್ದು. ಜೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿ ಮೊದಲು ಅಕ್ಕನಿಗೇ ತೋರಿಸಲು ಹೋದೆ. ಬೆಳಗ್ಗೆ ಏಳೂಕಾಲು, ಅವರು ಕ್ರೇಟಿನ ನಡುವೆ ಇದ್ದರು. ಸೀರೆ ಸೆರಗಿಗೆ ಕೈ ಒರೆಸಿಕೊಂಡು, ಹಾಳೆಯ ಎರಡು ತುದಿ ಹಿಡಿದು, ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಓದಿದರು. ಕೆಳಗಿನ ತಾರೀಖನ್ನೂ ಓದಿದರು. "ಲ್ಯಾಮಿನೇಷನ್ ಮಾಡ್ಸು. ನೀರು ಬಿದ್ರೆ ಹಾಳಾಗುತ್ತೆ" ಅಂತ ವಾಪಸ್ ಕೊಟ್ಟು, ಇನ್ನೊಂದು ಕ್ರೇಟ್ ಐತೆ, ಆ ಕಡೆ ಹಿಡ್ಕೋ ಅಂದರು. ಹಿಡಿದುಕೊಂಡೆ.